ಕ್ವಾಂಟಂ ಕಂಪ್ಯೂಟರ್ ಬರುವ ಮೊದಲು: ದತ್ತಾಂಶ, ಡಿಜಿಟಲ್ ಸಹಿ ಮತ್ತು ಕರಾರುಗಳನ್ನು ಕಾನೂನಿನ ದೃಷ್ಟಿಯಿಂದ ಭದ್ರಪಡಿಸುವ ಕ್ರಮ

ಆಸ್ಪತ್ರೆ, ಸಹಕಾರ ಸಂಘ, ವಕೀಲರ ಕಚೇರಿ, ಸಣ್ಣ ಸಾಫ್ಟ್‌ವೇರ್ ಕಂಪನಿ ಯಾವುದೇ ಇರಲಿ, ಇಂದಿನ ಭದ್ರತಾ ವಿಧಾನಗಳನ್ನು ಒಡೆಯಬಲ್ಲ ಕ್ವಾಂಟಂ ಕಂಪ್ಯೂಟರ್ ಬರುವ ಮೊದಲೇ ಸಿದ್ಧರಾಗುವ ಈ ಕೆಲಸಕ್ಕೆ ಕೈಹಾಕಿದವರು ಬಹುತೇಕ ಒಂದೇ ಕಡೆ ಎಡವುತ್ತಾರೆ. ‘ಕ್ವಾಂಟಂ-ಸುರಕ್ಷಿತ’ ಎಂಬ ಹೆಸರಿನ ಉತ್ಪನ್ನವನ್ನು ಮೊದಲು ಕೊಳ್ಳುತ್ತಾರೆ, ಅದನ್ನು ಯಾವ ದತ್ತಾಂಶಕ್ಕೆ ಅಳವಡಿಸಬೇಕೆಂದು ಆಮೇಲೆ ಹುಡುಕುತ್ತಾರೆ, ಕರಾರುಗಳನ್ನು ಕಟ್ಟಕಡೆಗೆ ತೆರೆಯುತ್ತಾರೆ, ಹಳೆಯ ಡಿಜಿಟಲ್ ಸಹಿಗಳನ್ನು ನೋಡುವುದೇ ಇಲ್ಲ. ಕ್ರಮ ಇದಕ್ಕೆ ವಿರುದ್ಧವಾಗಿರಬೇಕು: ಯಾವ ಗುಟ್ಟು ಎಷ್ಟು ವರ್ಷ ಉಳಿಯಬೇಕು ಎಂಬುದು ಮೊದಲು, ಅದರ ಬಗ್ಗೆ ಕಾನೂನು ಹೊರಿಸಿರುವ ಹೊಣೆ ಅನಂತರ, ಸಹಿ ಮತ್ತು ಕರಾರು ಅದರ ಬೆನ್ನಿಗೆ, ಖರೀದಿ ಕೊನೆಗೆ.

## ಕೆಲಸ ಆರಂಭಿಸುವ ಮೊದಲು ತಿಳಿದಿರಬೇಕಾದದ್ದು

ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಆರ್‌ಎಸ್‌ಎ ಮತ್ತು ಎಲಿಪ್ಟಿಕ್ ಕರ್ವ್ ಎಂಬ ಗೂಢಲಿಪಿ (ಕೀಲಿಯಿಲ್ಲದವರು ಓದಲಾಗದಂತೆ ದತ್ತಾಂಶವನ್ನು ಮಾರ್ಪಡಿಸುವುದು) ಮತ್ತು ಸಹಿಯ ವಿಧಾನಗಳ ಭದ್ರತೆ ನಿಂತಿರುವುದು, ಸಾಮಾನ್ಯ ಕಂಪ್ಯೂಟರ್‌ಗಳು ಕೆಲವು ಗಣಿತದ ಲೆಕ್ಕಗಳನ್ನು ಯುಕ್ತ ಕಾಲದಲ್ಲಿ ಬಿಡಿಸಲಾರವು ಎಂಬ ಆಧಾರದ ಮೇಲೆ. ಸಾಕಷ್ಟು ದೊಡ್ಡದಾದ, ದೋಷ ತಿದ್ದಿಕೊಳ್ಳಬಲ್ಲ ಕ್ವಾಂಟಂ ಕಂಪ್ಯೂಟರ್ ಸಿದ್ಧವಾದರೆ ಗಣಿತಜ್ಞ ಪೀಟರ್ ಶೋರ್ ರೂಪಿಸಿದ ವಿಧಾನದ ಮೂಲಕ ಆ ಲೆಕ್ಕಗಳನ್ನು ಬಿಡಿಸಬಹುದು. ದತ್ತಾಂಶವನ್ನು ಗೂಢಲಿಪಿಗೆ ಬದಲಿಸುವ ಎಇಎಸ್-256 ಮತ್ತು ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಖ್ಯೆ) ತೆಗೆಯುವ ಶಾ-256 ಅದೇ ರೀತಿಯಲ್ಲಿ ಕುಸಿಯುವುದಿಲ್ಲ. ಆದ್ದರಿಂದ ಎಲ್ಲವನ್ನೂ ಬದಲಿಸಬೇಕು ಎಂದು ಹೇಳುವವರ ಮಾತನ್ನು ನಂಬಬೇಕಾಗಿಲ್ಲ.

ಇಲ್ಲಿ ಕಾನೂನಿನ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು ಗೋಪ್ಯತೆಯದು: ಇಂದು ನಕಲು ಮಾಡಿಟ್ಟುಕೊಂಡ ಗೂಢಲಿಪಿಯ ಕಡತವನ್ನು ಹತ್ತು ವರ್ಷದ ನಂತರ ತೆರೆಯಬಹುದು, ಆದ್ದರಿಂದ ಹಾನಿಯ ಬೀಜ ಇಂದೇ ಬಿದ್ದಿರುತ್ತದೆ. ಇನ್ನೊಂದು ನೈಜತೆಯದು: ಸಹಿಯ ಖಾಸಗಿ ಕೀಲಿಯನ್ನು (ಸಹಿದಾರರ ಬಳಿ ಮಾತ್ರ ಇರಬೇಕಾದ ಗುಪ್ತ ಸಂಖ್ಯೆಯನ್ನು) ಮೂರನೆಯವರು ಲೆಕ್ಕ ಹಾಕಿ ಪಡೆಯಬಹುದಾದರೆ, ಆ ಸಹಿಯಿರುವ ದಾಖಲೆಯನ್ನು ನ್ಯಾಯಾಲಯ ಹೇಗೆ ನಂಬಬೇಕು? ಮೊದಲನೆಯದಕ್ಕೆ ಮುಂದೆ ಮಾಡುವ ಯಾವ ತಿದ್ದುಪಡಿಯೂ ಪೂರ್ಣ ಪರಿಹಾರವಲ್ಲ. ಎರಡನೆಯದನ್ನು ಈಗ ಸರಿಯಾಗಿ ನಡೆದುಕೊಂಡರೆ ಪೂರ್ತಿ ತಡೆಯಬಹುದು. ಇವೆರಡನ್ನು ಬೆರೆಸಿ ಒಂದೇ ಯೋಜನೆ ಬರೆಯುವುದು ಮುಂದಿನ ಎಲ್ಲ ತಪ್ಪುಗಳಿಗೂ ಮೂಲ.

ಬೇಕಾದ ಸಲಕರಣೆ ಹೆಚ್ಚಿಲ್ಲ. ತಂತ್ರಜ್ಞಾನ ವಿಭಾಗದ ಒಬ್ಬರು, ಕಾನೂನು ಬಲ್ಲ ಒಬ್ಬರು, ದಿನನಿತ್ಯದ ವ್ಯವಹಾರ ಬಲ್ಲ ಒಬ್ಬರು ಒಂದೇ ಮೇಜಿನ ಸುತ್ತ ಕೂರಬೇಕು. ಜಾರಿಯಲ್ಲಿರುವ ಎಲ್ಲ ಸೇವಾ ಕರಾರುಗಳ ಪ್ರತಿ, ಹ್ಯಾಶ್ ಮೌಲ್ಯ ತೆಗೆಯುವ ಒಂದು ಸಾಧನ, ಒಂದು ಸ್ಪ್ರೆಡ್‌ಶೀಟ್ ಇದ್ದರೆ ಮೊದಲ ನಾಲ್ಕು ಹಂತಗಳು ಮುಗಿಯುತ್ತವೆ.

## ಹಂತ 1: ಪ್ರತಿಯೊಂದು ಗುಟ್ಟಿಗೂ ಆಯುಷ್ಯ ಬರೆಯಿರಿ

ದತ್ತಾಂಶದ ಪ್ರತಿ ಬಗೆಗೂ ಎರಡು ಸಂಖ್ಯೆಗಳನ್ನು ಬರೆಯಿರಿ: ಕಾನೂನು ಪ್ರಕಾರ ಎಷ್ಟು ವರ್ಷ ಇಟ್ಟುಕೊಳ್ಳಬೇಕು, ಮತ್ತು ಎಷ್ಟು ವರ್ಷ ಅದು ಹೊರಗೆ ಹೋಗಬಾರದು. ಇವೆರಡೂ ಒಂದೇ ಎಂದು ಭಾವಿಸುವುದು ಅತಿ ಸಾಮಾನ್ಯ ತಪ್ಪು. ಕಂಪನಿ ಕಾಯ್ದೆಯ 128ನೆಯ ಕಲಂ ಲೆಕ್ಕಪತ್ರಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಇಡಬೇಕೆನ್ನುತ್ತದೆ. ಅವು ಸೋರಿದರೂ ಒಂಬತ್ತನೆಯ ವರ್ಷದಲ್ಲಿ ದೊಡ್ಡ ಹಾನಿಯಾಗದೆ ಇರಬಹುದು. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಡಲು ಹೇಳುತ್ತದೆ. ಆದರೆ ಅದೇ ಕಡತದಲ್ಲಿರುವ ಎಚ್‌ಐವಿ ಪರೀಕ್ಷೆಯ ಫಲಿತಾಂಶ ಆ ವ್ಯಕ್ತಿ ಬದುಕಿರುವಷ್ಟು ಕಾಲವೂ ಗುಟ್ಟಾಗಿಯೇ ಇರಬೇಕು, ಅದರ ಗೋಪ್ಯತೆಗೆ 2017ರ ಪ್ರತ್ಯೇಕ ಕಾಯ್ದೆಯೇ ಇದೆ. ವಂಶವಾಹಿ ಪರೀಕ್ಷೆಯ ವರದಿಯಂತೂ ಮಕ್ಕಳ ಕಾಲಕ್ಕೂ ಮುಂದುವರಿಯುತ್ತದೆ.

ಮೂರನೆಯ ಸಂಖ್ಯೆ, ಹೊಸ ವಿಧಾನಕ್ಕೆ ಪೂರ್ತಿ ಬದಲಾಗಲು ನಿಮಗೆ ಬೇಕಾಗುವ ವರ್ಷಗಳು. ಗೋಪ್ಯತೆಯ ವರ್ಷ ಮತ್ತು ಬದಲಾವಣೆಯ ವರ್ಷಗಳನ್ನು ಕೂಡಿದಾಗ ಬರುವ ಮೊತ್ತ, ಸಮರ್ಥ ಕ್ವಾಂಟಂ ಕಂಪ್ಯೂಟರ್ ಬರಲು ಉಳಿದಿರುವ ಕಾಲಕ್ಕಿಂತ ಹೆಚ್ಚಾದರೆ ಆ ದತ್ತಾಂಶ ಈಗಾಗಲೇ ಅಪಾಯದಲ್ಲಿದೆ. ಮಿಕೇಲೆ ಮೋಸ್ಕಾ ಅವರ ಹೆಸರಿನಲ್ಲಿ ಪರಿಚಿತವಾದ ಲೆಕ್ಕ ಇದು. ಯಂತ್ರ ಯಾವಾಗ ಬರುತ್ತದೆ ಎಂದು ವಾದಿಸುತ್ತ ಕೂರುವ ಬದಲು ಒಂದು ಗಡುವನ್ನು ಆಧಾರವಾಗಿ ಹಿಡಿಯಿರಿ: ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಕರಡು, ಆರ್‌ಎಸ್‌ಎ-2048ರ ಮಟ್ಟದ ವಿಧಾನಗಳನ್ನು 2030ರ ನಂತರ ಹಿಂದೆ ಸರಿಸಿ 2035ರ ನಂತರ ನಿಷೇಧಿಸಲು ಸೂಚಿಸುತ್ತದೆ. ಅದು ಭಾರತದಲ್ಲಿ ಕಾನೂನಲ್ಲ. ಆದರೂ ವ್ಯಾಜ್ಯ ನಡೆದಾಗ ‘ನಿಮಗೆ ತಿಳಿದಿರಲಿಲ್ಲವೇ’ ಎಂಬ ಪ್ರಶ್ನೆಗೆ ಎದುರು ಪಕ್ಷದ ವಕೀಲರು ತೋರಿಸುವ ಮೊದಲ ಕಾಗದ ಅದೇ ಆಗುತ್ತದೆ ಎಂದು ನಾನು ಭಾವಿಸುತ್ತೇನೆ.

ಎಚ್ಚರಿಕೆಯ ಸೂಚನೆ: ಪಟ್ಟಿಯ ಎಲ್ಲ ಸಾಲುಗಳಲ್ಲೂ ‘ಅತಿ ಮುಖ್ಯ’ ಎಂದು ಬರೆದಿದ್ದರೆ ಯಾರೂ ಯೋಚಿಸಿ ತುಂಬಿಲ್ಲ ಎಂದರ್ಥ. ಹಿಂದಕ್ಕೆ ಕಳಿಸಿ.

## ಹಂತ 2: ಗೂಢಲಿಪಿ ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ಪಟ್ಟಿ ಮಾಡಿ

ಸೈಬರ್ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2025ರ ಜುಲೈನಲ್ಲಿ ಹೊರಡಿಸಿದ ತಾಂತ್ರಿಕ ಮಾರ್ಗಸೂಚಿಯಲ್ಲಿ ಸಾಫ್ಟ್‌ವೇರ್‌ನ ಘಟಕಗಳ ಪಟ್ಟಿಯ ಜೊತೆಗೆ ಗೂಢಲಿಪಿ ಘಟಕಗಳ ಪಟ್ಟಿಯ ಮಾದರಿಯೂ ಇದೆ. ಹೊಸ ನಮೂನೆ ರಚಿಸುವ ಬದಲು ಅದನ್ನೇ ಬಳಸಿ. ಪ್ರತಿ ಸಾಲಿನಲ್ಲಿ ವಿಧಾನದ ಹೆಸರು, ಕೀಲಿಯ ಉದ್ದ, ಅದು ಕಾಪಾಡುವ ದತ್ತಾಂಶ, ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಇರಲಿ. ಕೊನೆಯ ಅಂಕಣವನ್ನು ತಂತ್ರಜ್ಞರು ಬಿಟ್ಟುಬಿಡುತ್ತಾರೆ, ಆದರೆ ಕಾನೂನಿನ ಕೆಲಸಕ್ಕೆ ಅದೇ ಮುಖ್ಯ: ಬದಲಿಸುವ ಅಧಿಕಾರ ಸೇವೆ ಒದಗಿಸುವವರ ಕೈಯಲ್ಲಿದ್ದರೆ ಅದು ಐದನೆಯ ಹಂತದಲ್ಲಿ ಕರಾರಿನ ವಿಷಯವಾಗುತ್ತದೆ.

ಸಾಮಾನ್ಯವಾಗಿ ತಪ್ಪಿಹೋಗುವವು: ಹೊರಗಿನವರ ಬಳಿ ಇರುವ ಬ್ಯಾಕಪ್, ಹಳೆಯ ಇಮೇಲ್ ಸಂಗ್ರಹ, ಶಾಖೆಗಳ ನಡುವಿನ ವಿಪಿಎನ್, ಲೆಕ್ಕ ಪರಿಶೋಧಕರಿಗೆ ಕಳಿಸಿದ ಕಡತಗಳು. ಸೇವೆ ಒದಗಿಸುವವರಿಂದ ‘ನಾವು ಬ್ಯಾಂಕ್ ಮಟ್ಟದ ಭದ್ರತೆ ಬಳಸುತ್ತೇವೆ’ ಎಂಬ ಉತ್ತರ ಬಂದರೆ ಅದನ್ನು ಉತ್ತರವೆಂದು ದಾಖಲಿಸಬೇಡಿ; ವಿಧಾನದ ಹೆಸರು ಮತ್ತು ಕೀಲಿಯ ಉದ್ದವನ್ನು ಲಿಖಿತವಾಗಿ ಕೇಳಿ, ಕೇಳಿದ ದಿನಾಂಕವನ್ನೂ ಬರೆದಿಡಿ.

## ಹಂತ 3: ಕಾನೂನು ಹೊರಿಸಿರುವ ಹೊಣೆಯನ್ನು ಪ್ರತಿ ಸಾಲಿಗೂ ಜೋಡಿಸಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ 8(5)ನೆಯ ಕಲಂ ‘ಯುಕ್ತ ಭದ್ರತಾ ಕ್ರಮ’ಗಳನ್ನು ಕೈಗೊಳ್ಳಬೇಕೆನ್ನುತ್ತದೆ; ತಪ್ಪಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಸೋರಿಕೆಯನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ ಸಂಬಂಧಪಟ್ಟ ವ್ಯಕ್ತಿಗಳಿಗೂ ತಿಳಿಸದಿದ್ದರೆ 200 ಕೋಟಿಯವರೆಗೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಿನಿಂದ ಅನ್ವಯಿಸುತ್ತವೆ. ದತ್ತಾಂಶ ನಿರ್ವಹಣೆಯನ್ನು ಹೊರಗಿನವರಿಗೆ ವಹಿಸಿದ್ದರೂ ಹೊಣೆ ನಿಮ್ಮದೇ.

ಕಾಯ್ದೆಯಲ್ಲಿ ‘ಕ್ವಾಂಟಂ’ ಎಂಬ ಪದವೇ ಇಲ್ಲವಲ್ಲ ಎಂದು ಕೆಲವರು ಸಮಾಧಾನಪಡುತ್ತಾರೆ. ಆ ಸಮಾಧಾನಕ್ಕೆ ಆಧಾರವಿಲ್ಲ. ‘ಯುಕ್ತ’ ಎಂಬುದನ್ನು ಅಳೆಯುವಾಗ ಆ ಕಾಲದಲ್ಲಿ ಏನು ತಿಳಿದಿತ್ತು, ಯಾವ ಪರಿಹಾರ ಕೈಗೆಟಕುವಂತಿತ್ತು ಎಂಬುದು ಮುಖ್ಯವಾಗುತ್ತದೆ. 2024ರ ಆಗಸ್ಟ್ 13ರಂದು ನಿಸ್ಟ್ ಕ್ವಾಂಟಂ ಯಂತ್ರಕ್ಕೂ ಮಣಿಯದಂತೆ ರೂಪಿಸಿದ ವಿಧಾನಗಳ ಮೂರು ಅಂತಿಮ ಮಾನಕಗಳನ್ನು ಪ್ರಕಟಿಸಿತು: ಕೀಲಿ ಹಂಚಿಕೆಗೆ (ಗೂಢಲಿಪಿ ತೆರೆಯುವ ಕೀಲಿಯನ್ನು ಎರಡೂ ಕಡೆ ಗುಟ್ಟಾಗಿ ತಲುಪಿಸಲು) ಫಿಪ್ಸ್ 203, ಸಹಿಗೆ ಫಿಪ್ಸ್ 204 ಮತ್ತು 205. ಅಂದಿನಿಂದ ‘ಪರಿಹಾರವೇ ಇರಲಿಲ್ಲ’ ಎಂಬ ವಾದ ದುರ್ಬಲವಾಗಿದೆ. ನಾಳೆಯೇ ಎಲ್ಲವನ್ನೂ ಬದಲಿಸಿರಬೇಕು ಎಂದು ಯಾರೂ ಕೇಳಲಾರರು. ಅಪಾಯವನ್ನು ಪರಿಶೀಲಿಸಿ, ಆದ್ಯತೆ ನಿರ್ಧರಿಸಿ, ಆಡಳಿತ ಮಂಡಳಿಯ ನಡಾವಳಿಯಲ್ಲಿ ದಾಖಲಿಸಿದ್ದೀರಾ ಎಂದು ಖಂಡಿತ ಕೇಳಬಹುದು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಗೂಢಲಿಪಿಯಲ್ಲಿದ್ದ ಕಡತವನ್ನು ಕಳ್ಳರು ನಕಲು ಮಾಡಿದರು, ಕೀಲಿ ಮಾತ್ರ ಅವರಿಗೆ ಸಿಕ್ಕಿಲ್ಲ. ಇದು ತಿಳಿಸಬೇಕಾದ ಸೋರಿಕೆಯೇ? ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್‌ನ 34ನೆಯ ವಿಧಿ, ದತ್ತಾಂಶ ಇತರರಿಗೆ ಅರ್ಥವಾಗದಂತೆ ಗೂಢಲಿಪಿಯಲ್ಲಿದ್ದರೆ ಸಂಬಂಧಪಟ್ಟ ವ್ಯಕ್ತಿಗಳಿಗೆ ತಿಳಿಸುವುದರಿಂದ ವಿನಾಯಿತಿ ಕೊಡುತ್ತದೆ. ಭಾರತದ ಕಾಯ್ದೆಯಲ್ಲಿ ಅಂಥ ಸ್ಪಷ್ಟ ವಿನಾಯಿತಿ ಇಲ್ಲ. ಹಾಗಿರುವಾಗ ಆರ್‌ಎಸ್‌ಎ ಮೂಲಕ ಕೀಲಿ ಹಂಚಿಕೊಂಡ, ಮೂವತ್ತು ವರ್ಷ ಗುಟ್ಟಾಗಿರಬೇಕಾದ ದತ್ತಾಂಶದ ಬಗ್ಗೆ ‘ಗೂಢಲಿಪಿಯಲ್ಲಿತ್ತು, ಆದ್ದರಿಂದ ಏನೂ ಆಗಿಲ್ಲ’ ಎಂದು ಒಳಗೊಳಗೇ ತೀರ್ಮಾನಿಸುವುದು ಅಪಾಯಕಾರಿ. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಅದರಲ್ಲಿ ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು. ಅಲ್ಲಿಯೂ ಗೂಢಲಿಪಿಯ ನೆಪ ನಡೆಯುವುದಿಲ್ಲ.

ಈ ಹಂತದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಕೆಲಸವೊಂದಿದೆ: ಉದ್ದೇಶ ಮುಗಿದ, ಬೇರೆ ಯಾವ ಕಾನೂನೂ ಇಟ್ಟುಕೊಳ್ಳಲು ಹೇಳದ ದತ್ತಾಂಶವನ್ನು ಅಳಿಸಿಹಾಕುವುದು. 8(7)ನೆಯ ಕಲಂ ಹೇಗೂ ಅದನ್ನು ಹೊಣೆಯನ್ನಾಗಿ ಮಾಡಿದೆ. ಇಲ್ಲದ ದತ್ತಾಂಶವನ್ನು ಯಾವ ಕ್ವಾಂಟಂ ಕಂಪ್ಯೂಟರೂ ತೆರೆಯಲಾರದು. ಬ್ಯಾಕಪ್‌ಗಳಲ್ಲಿರುವ ಪ್ರತಿಯನ್ನೂ ಸೇರಿಸಿ ಅಳಿಸಿ, ಅಳಿಸಿದ್ದಕ್ಕೆ ದಾಖಲೆ ಇಡಿ. ಯಾವುದೇ ಉತ್ಪನ್ನಕ್ಕೆ ಹಣ ಮೀಸಲಿಡುವ ಮೊದಲು ಇದು ಮುಗಿದಿರಬೇಕೆಂದು ನಾನು ಒತ್ತಿ ಹೇಳುತ್ತೇನೆ.

## ಹಂತ 4: ಡಿಜಿಟಲ್ ಸಹಿಗಳ ಸಾಕ್ಷ್ಯಬಲವನ್ನು ಉಳಿಸಿಕೊಳ್ಳಿ

ಈ ಹಂತವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 3ನೆಯ ಕಲಂ ಡಿಜಿಟಲ್ ಸಹಿಯನ್ನು ಎರಡು ಕೀಲಿಗಳ ವ್ಯವಸ್ಥೆ ಮತ್ತು ಹ್ಯಾಶ್ ವಿಧಾನದ ಮೇಲೆ ನಿಲ್ಲಿಸಿದೆ. 15ನೆಯ ಕಲಂ ಪ್ರಕಾರ ‘ಸುರಕ್ಷಿತ’ ಸಹಿ ಎನಿಸಿಕೊಳ್ಳಬೇಕಾದರೆ ಸಹಿ ಮಾಡುವ ಕ್ಷಣದಲ್ಲಿ ಖಾಸಗಿ ಕೀಲಿ ಸಹಿದಾರರೊಬ್ಬರದೇ ಹತೋಟಿಯಲ್ಲಿರಬೇಕು. ಹಾಗಿದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 86ನೆಯ ಕಲಂ ಸಹಿದಾರರೇ ಸಹಿ ಮಾಡಿದ್ದಾರೆಂಬ ಪೂರ್ವಭಾವನೆಯನ್ನು (ವಿರುದ್ಧವಾಗಿ ಸಾಬೀತಾಗುವವರೆಗೆ ನಿಜವೆಂದು ಹಿಡಿಯುವುದನ್ನು) ಕೊಡುತ್ತದೆ. ಆದರೆ ಅದು ಅಲ್ಲಗಳೆಯಬಹುದಾದ ಪೂರ್ವಭಾವನೆ. ಎಲ್ಲರಿಗೂ ಸಿಗುವ ಸಾರ್ವಜನಿಕ ಕೀಲಿಯಿಂದ ಖಾಸಗಿ ಕೀಲಿಯನ್ನು ಲೆಕ್ಕ ಹಾಕಬಲ್ಲ ಯಂತ್ರ ಬಂದ ದಿನ, ಸಾಲ ತೀರಿಸಲು ಮನಸ್ಸಿಲ್ಲದ ಯಾರೇ ಆಗಲಿ ‘ಈ ಸಹಿಯನ್ನು ಇನ್ಯಾರೋ ಸೃಷ್ಟಿಸಿ ಹಳೆಯ ದಿನಾಂಕ ಹಾಕಿದ್ದಾರೆ’ ಎಂದು ವಾದಿಸಬಹುದು. ಐದು ವರ್ಷ ಹಳೆಯ ವಿದ್ಯುನ್ಮಾನ ದಾಖಲೆಗಳ ಬಗ್ಗೆ 93ನೆಯ ಕಲಂ ಕೊಡುವ ನೆರವೂ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ದಾಖಲೆ ಸೂಕ್ತ ವಶದಿಂದ ಬಂದಿದ್ದರೆ ಮಾತ್ರ ಸಿಗುವಂಥದ್ದು.

ಆದ್ದರಿಂದ ನಾವು ಸಾಬೀತುಪಡಿಸಬೇಕಾದ ಅಂಶ ಒಂದೇ: ಈ ದಾಖಲೆ ಇದೇ ರೂಪದಲ್ಲಿ, ಅಂಥ ಯಂತ್ರ ಬರುವ ಮೊದಲೇ ಇತ್ತು. ಅದಕ್ಕೆ ಈ ಕ್ರಮ ಅನುಸರಿಸಿ.

1. ಸಹಿಯ ಬಲ ದೀರ್ಘಕಾಲ ಬೇಕಾದ ದಾಖಲೆಗಳನ್ನು ಬೇರ್ಪಡಿಸಿ: ದೀರ್ಘಾವಧಿ ಸಾಲಪತ್ರ, ಗುತ್ತಿಗೆ, ಷೇರು ಒಪ್ಪಂದ, ಬೌದ್ಧಿಕ ಸ್ವತ್ತಿನ ವರ್ಗಾವಣೆ, ಸ್ಥಿರಾಸ್ತಿ ಮಾರಾಟದ ಕರಾರು. ಕೊನೆಯದನ್ನು 2022ರ ಸೆಪ್ಟೆಂಬರ್‌ನ ತಿದ್ದುಪಡಿಯ ಬಳಿಕ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹೊರಪಟ್ಟಿಯಿಂದ (ಆ ಕಾಯ್ದೆ ಅನ್ವಯಿಸದ ದಾಖಲೆಗಳ ಪಟ್ಟಿಯಿಂದ) ತೆಗೆದುಹಾಕಲಾಗಿದೆ. ಮರಣಶಾಸನ ಮತ್ತು ನ್ಯಾಸಪತ್ರಗಳು ಈಗಲೂ ಆ ಹೊರಪಟ್ಟಿಯಲ್ಲಿಯೇ ಇರುವುದರಿಂದ ಅವು ಕಾಗದದಲ್ಲಿಯೇ ಇರುತ್ತವೆ. ಅವುಗಳ ಬಗ್ಗೆ ಇಲ್ಲಿ ಚಿಂತಿಸಬೇಕಾಗಿಲ್ಲ.

2. ಪ್ರತಿ ದಾಖಲೆಯ ಸಹಿ, ಪ್ರಮಾಣಪತ್ರ ಸರಣಿ (ಸಹಿದಾರರ ಪ್ರಮಾಣಪತ್ರ ಮತ್ತು ಅದನ್ನು ಕೊಟ್ಟ ಸಂಸ್ಥೆಗಳ ಪ್ರಮಾಣಪತ್ರಗಳು), ಪ್ರಮಾಣಪತ್ರ ರದ್ದಾಗಿರಲಿಲ್ಲ ಎಂಬುದರ ಮಾಹಿತಿ ಇಷ್ಟನ್ನೂ ಕಡತದೊಳಗೇ ಸೇರಿಸಿಡಿ. ಡಿಜಿಟಲ್ ಸಹಿ ಪ್ರಮಾಣಪತ್ರಗಳ ಅವಧಿ ಹೆಚ್ಚೆಂದರೆ ಮೂರು ವರ್ಷವಿರುವಾಗ, ಇದನ್ನು ಮಾಡದಿದ್ದರೆ ಕ್ವಾಂಟಂ ಯಂತ್ರ ಬರುವ ಎಷ್ಟೋ ಮೊದಲೇ ಪರಿಶೀಲನೆ ಕಷ್ಟವಾಗುತ್ತದೆ.

3. ದಾಖಲೆ ಯಾವ ಹೊತ್ತಿಗೆ ಇತ್ತು ಎಂದು ದೃಢಪಡಿಸುವ ಡಿಜಿಟಲ್ ಕಾಲಮುದ್ರೆಯನ್ನು ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯಿಂದ ಪಡೆಯಿರಿ. ಇದೇ ಕೊನೆಯ ಭದ್ರತೆ ಎಂದು ತಿಳಿಯಬೇಡಿ. ಆ ಮುದ್ರೆಯೂ ಇಂದಿನ ವಿಧಾನದ ಸಹಿಯನ್ನೇ ಹೊತ್ತಿರುತ್ತದೆ. ಹಳೆಯ ವಿಧಾನ ದುರ್ಬಲವಾಗುವ ಮೊದಲೇ ಹೊಸ ವಿಧಾನದ ಮುದ್ರೆಯನ್ನು ಅದರ ಮೇಲೆ ಮತ್ತೆ ಪಡೆಯಬೇಕು.

4. ಎಲ್ಲ ದಾಖಲೆಗಳ ಶಾ-256 ಹ್ಯಾಶ್ ಮೌಲ್ಯಗಳ ಪಟ್ಟಿ ತಯಾರಿಸಿ, ಪಟ್ಟಿಯ ಕಡತಕ್ಕೂ ಒಂದು ಹ್ಯಾಶ್ ಮೌಲ್ಯ ತೆಗೆದು, ಅದನ್ನು ಕಾಗದದ ಮೇಲೆ ಮುದ್ರಿಸಿ, ಜವಾಬ್ದಾರ ಅಧಿಕಾರಿ ಶಾಯಿಯಲ್ಲಿ ಸಹಿ ಮಾಡಿ ನೋಟರಿಯಿಂದ ದೃಢೀಕರಿಸಿಕೊಳ್ಳಲಿ. ಕಾಗದದ ಮೇಲಿನ ದಿನಾಂಕವನ್ನು ಯಾವ ಲೆಕ್ಕವೂ ಬದಲಿಸಲಾರದು. ವರ್ಷಕ್ಕೊಮ್ಮೆ ಇದನ್ನು ಮಾಡುವ ಖರ್ಚು ತೀರಾ ಅಲ್ಪ.

ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಸಲ್ಲಿಸುವಾಗ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಅಡಿ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯ ನಮೂದಿಸುವ ಜಾಗವಿದೆ. ಎಂಡಿ5, ಶಾ-1, ಶಾ-256 ಮೂರೂ ಅಲ್ಲಿವೆ. ನಮೂನೆಯಲ್ಲಿದೆ ಎಂಬ ಕಾರಣಕ್ಕೆ ಮೊದಲೆರಡನ್ನು ಆರಿಸಬೇಡಿ, ಅವುಗಳನ್ನು ಒಡೆಯಲು ಕ್ವಾಂಟಂ ಯಂತ್ರವೇನೂ ಬೇಕಾಗಲಿಲ್ಲ. ಪ್ರಮಾಣಪತ್ರದ ಎರಡನೆಯ ಭಾಗಕ್ಕೆ ತಜ್ಞರ ಸಹಿ ಬೇಕು ಎಂಬುದನ್ನೂ ಮರೆಯಬೇಡಿ.

ಇಲ್ಲಿ ಅತ್ಯುತ್ಸಾಹಿಗಳು ಮಾಡುವ ತಪ್ಪೊಂದಿದೆ. ಫಿಪ್ಸ್ 204ರ ಸಹಿ ಸಾಧನವನ್ನು ತಾವೇ ಅಳವಡಿಸಿಕೊಂಡು ಹಳೆಯ ಪ್ರಮಾಣಪತ್ರವನ್ನು ಕೈಬಿಡುತ್ತಾರೆ. ಭಾರತದಲ್ಲಿ ಯಾವ ವಿಧಾನಕ್ಕೆ ಶಾಸನಬದ್ಧ ಮಾನ್ಯತೆ ಎಂಬುದು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ವ್ಯವಸ್ಥೆಯಿಂದ ನಿರ್ಧಾರವಾಗುತ್ತದೆ. ಅದರ ಹೊರಗಿನ ಸಹಿ ಗಣಿತದಲ್ಲಿ ಎಷ್ಟೇ ಬಲವಾಗಿದ್ದರೂ 86ನೆಯ ಕಲಂನ ಪೂರ್ವಭಾವನೆ ಅದಕ್ಕೆ ಸಿಗದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಕಾರಣದಿಂದ ಒಪ್ಪಂದ ಅಸಿಂಧುವಾಗದೆ ಉಳಿಯಬಹುದು, ಆದರೆ ಸಹಿಯನ್ನು ಸಾಬೀತುಪಡಿಸುವ ಭಾರ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ. ಹೊಸ ಸಹಿಯನ್ನು ಹೆಚ್ಚುವರಿಯಾಗಿ ಹಾಕಿ, ಮಾನ್ಯ ಸಹಿಯ ಬದಲಾಗಿ ಅಲ್ಲ.

## ಹಂತ 5: ಕರಾರುಗಳನ್ನು ತಿದ್ದಿ

‘ಉದ್ಯಮದ ಮಾನಕಕ್ಕೆ ಅನುಗುಣವಾದ ಗೂಢಲಿಪಿ’ ಎಂಬ ಷರತ್ತು ಬಹುತೇಕ ಎಲ್ಲ ಸೇವಾ ಕರಾರುಗಳಲ್ಲೂ ಇರುತ್ತದೆ. ಅದು ಯಾವ ದಿನದ ಮಾನಕ, ಸಹಿ ಹಾಕಿದ ದಿನದ್ದೋ ಸೋರಿಕೆಯಾದ ದಿನದ್ದೋ? ಈ ಒಂದು ಪ್ರಶ್ನೆಗೆ ಉತ್ತರವಿಲ್ಲದ ಕಾರಣಕ್ಕೆ ವ್ಯಾಜ್ಯ ವರ್ಷಗಟ್ಟಲೆ ಎಳೆಯಬಹುದು. ಅದರ ಬದಲು ಹೀಗೆ ಬರೆಯಬಹುದು:

‘ಸೇವೆ ಒದಗಿಸುವವರು ಅನುಬಂಧದಲ್ಲಿ ಹೆಸರಿಸಿದ ಗೂಢಲಿಪಿ ವಿಧಾನಗಳನ್ನು ಬಳಸತಕ್ಕದ್ದು, ಗ್ರಾಹಕರು ಲಿಖಿತ ಸೂಚನೆ ಕೊಟ್ಟ ದಿನದಿಂದ ಅನುಬಂಧದಲ್ಲಿ ಗೊತ್ತುಪಡಿಸಿದ ಅವಧಿಯೊಳಗೆ ಅವುಗಳನ್ನು ಫಿಪ್ಸ್ 203, 204, 205 ಅಥವಾ ಭಾರತದ ಸಕ್ಷಮ ಪ್ರಾಧಿಕಾರ ಗೊತ್ತುಪಡಿಸುವ ವಿಧಾನಕ್ಕೆ ಬದಲಿಸತಕ್ಕದ್ದು, ಬದಲಾವಣೆಯ ವೆಚ್ಚದ ಹಂಚಿಕೆ ಅನುಬಂಧದಲ್ಲಿರುವಂತೆ ಇರತಕ್ಕದ್ದು.’

ವೆಚ್ಚದ ಹಂಚಿಕೆಯನ್ನು ಖಾಲಿ ಬಿಟ್ಟರೆ ಉಳಿದದ್ದೆಲ್ಲ ನಿಷ್ಪ್ರಯೋಜಕ. ಸೂಚನೆ ಕೊಟ್ಟ ದಿನವೇ ಜಗಳ ಶುರುವಾಗುತ್ತದೆ.

ಇನ್ನೊಂದು ಸೂಕ್ಷ್ಮ ಕಾಲಮಿತಿಯದು. ಕರಾರು ಉಲ್ಲಂಘನೆಯ ಪರಿಹಾರಕ್ಕೆ 1963ರ ಕಾಲಮಿತಿ ಕಾಯ್ದೆಯ 55ನೆಯ ಅನುಚ್ಛೇದ ಕೊಡುವುದು ಉಲ್ಲಂಘನೆಯಾದಂದಿನಿಂದ ಮೂರು ವರ್ಷ. ಇಂದು ನಕಲಾದ ಕಡತ ಹತ್ತು ವರ್ಷದ ನಂತರ ತೆರೆದುಕೊಂಡರೆ, ನಷ್ಟ ಕಣ್ಣಿಗೆ ಬೀಳುವಷ್ಟರಲ್ಲಿ ದಾವೆಯ ಬಾಗಿಲು ಮುಚ್ಚಿರುತ್ತದೆ. ಅದೇ ಕಾಯ್ದೆಯ 17ನೆಯ ಕಲಂ ಕಾಲಮಿತಿಯನ್ನು ಮುಂದಕ್ಕೆ ತಳ್ಳುವುದು ವಂಚನೆ, ಪ್ರಮಾದ ಅಥವಾ ಮರೆಮಾಚಿದ ಸಂದರ್ಭದಲ್ಲಿ ಮಾತ್ರ. ಆದ್ದರಿಂದ ಈ ಹೊಣೆಯನ್ನು ಬರೀ ಷರತ್ತಾಗಿ ಬರೆಯದೆ, ಕರಾರು ಮುಗಿದ ಮೇಲೂ ಉಳಿಯುವ ನಷ್ಟಭರ್ತಿಯ ವಾಗ್ದಾನವಾಗಿ ಬರೆಯಿರಿ. ಅಲ್ಲಿ ಕಾಲ ಎಣಿಕೆಯಾಗುವುದು ನಷ್ಟ ನಿಜವಾಗಿ ಆದಾಗಿನಿಂದ. ಈ ಭಾಗದ ಕರಡನ್ನು ನಿಮ್ಮ ವಕೀಲರೇ ಬರೆಯಬೇಕು, ಮಾದರಿಯಿಂದ ನಕಲು ಮಾಡಬಾರದು.

ಎಚ್ಚರಿಕೆಯ ಸೂಚನೆ: ಎದುರು ಪಕ್ಷದವರು ಅನಿರೀಕ್ಷಿತ ವಿಪತ್ತುಗಳ ಪಟ್ಟಿಯಲ್ಲಿ ‘ಗಣಕ ತಂತ್ರಜ್ಞಾನದ ಮುನ್ನಡೆ’ ಎಂಬ ಮಾತನ್ನು ಸೇರಿಸಿದ್ದರೆ ಅದನ್ನು ತೆಗೆಸಿ. ಜಗತ್ತಿನ ಮಾನಕ ಸಂಸ್ಥೆಗಳು ಗಡುವು ಬರೆದಿಟ್ಟ ಘಟನೆಯನ್ನು ಅನಿರೀಕ್ಷಿತ ಎನ್ನಲಾಗದು.

## ಹಂತ 6: ಖರೀದಿ, ಆಮದು, ಆವಿಷ್ಕಾರ

ಇಷ್ಟೆಲ್ಲ ಆದ ಮೇಲೆ ಖರೀದಿ. ಮಾರಾಟಗಾರರು ಕ್ವಾಂಟಂ ಕೀಲಿ ಹಂಚಿಕೆಯ ಉಪಕರಣವನ್ನು ಮುಂದಿಟ್ಟರೆ, ಅದು ಎರಡು ನಿಗದಿತ ಸ್ಥಳಗಳ ನಡುವಿನ ಕೀಲಿಗೆ ಮಾತ್ರ ಸಂಬಂಧಿಸಿದ್ದು, ಸಹಿಯ ಸಮಸ್ಯೆಯನ್ನು ಬಗೆಹರಿಸುವುದಿಲ್ಲ, ಎದುರಿಗಿರುವವರು ಯಾರೆಂದು ಖಚಿತಪಡಿಸಲು ಬೇರೆ ವ್ಯವಸ್ಥೆ ಬೇಕು ಎಂಬುದು ನೆನಪಿರಲಿ.

ಬೆಂಗಳೂರಿನಲ್ಲಿ ಕ್ವಾಂಟಂ ಯಂತ್ರಾಂಶ ಅಥವಾ ತಂತ್ರಾಂಶವನ್ನೇ ಅಭಿವೃದ್ಧಿಪಡಿಸುತ್ತಿರುವವರು ಇನ್ನೂ ಮೂರು ವಿಷಯ ನೋಡಬೇಕು. ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಗಣಿತ ವಿಧಾನ ಮತ್ತು ಅಲ್ಗಾರಿದಮ್‌ಗಳಿಗೆ ಪೇಟೆಂಟ್ ನಿರಾಕರಿಸುತ್ತದೆ. ಅರ್ಜಿಯಲ್ಲಿ ತಾಂತ್ರಿಕ ಪರಿಣಾಮ ಮತ್ತು ಯಂತ್ರಾಂಶದ ಜೊತೆಗಿನ ಸಂಬಂಧ ಸ್ಪಷ್ಟವಾಗಿರಬೇಕು. 39ನೆಯ ಕಲಂ ಪ್ರಕಾರ ಭಾರತದ ನಿವಾಸಿ ನೇರವಾಗಿ ವಿದೇಶದಲ್ಲಿ ಅರ್ಜಿ ಹಾಕಬೇಕಾದರೆ ಪೂರ್ವಾನುಮತಿ ಬೇಕು, ಇಲ್ಲವೇ ಇಲ್ಲಿ ಮೊದಲು ಅರ್ಜಿ ಹಾಕಿ ಆರು ವಾರ ಕಾಯಬೇಕು; ತಪ್ಪಿದರೆ ಅದು ಶಿಕ್ಷಾರ್ಹ. ಮೂರನೆಯದು ರಫ್ತು ನಿಯಂತ್ರಣ: ಗೂಢಲಿಪಿ ತಂತ್ರಜ್ಞಾನವನ್ನು ವಿದೇಶಕ್ಕೆ ಕಳಿಸುವ ಮೊದಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಸ್ಕೋಮೆಟ್ ಪಟ್ಟಿಯನ್ನು (ರಫ್ತಿಗೆ ಅನುಮತಿ ಬೇಕಾದ ಸರಕು ಮತ್ತು ತಂತ್ರಜ್ಞಾನಗಳ ಪಟ್ಟಿಯನ್ನು) ನೋಡಿ. ಅಮೆರಿಕವೂ 2024ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಂ ಕಂಪ್ಯೂಟರ್ ಮತ್ತು ಸಂಬಂಧಿತ ತಂತ್ರಜ್ಞಾನವನ್ನು ರಫ್ತು ನಿಯಂತ್ರಣಕ್ಕೆ ಒಳಪಡಿಸಿದೆ. ಅಲ್ಲಿನ ಪ್ರಯೋಗಾಲಯಗಳಲ್ಲಿ ದುಡಿಯುತ್ತ ಇಲ್ಲಿನ ಸಹೋದ್ಯೋಗಿಗಳಿಗೆ ವಿನ್ಯಾಸ ಕಳಿಸುವ ನಮ್ಮವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ಇಮೇಲ್ ಕೂಡ ರಫ್ತು ಎನಿಸಿಕೊಳ್ಳಬಹುದು.

## ಹಂತ 7: ಸೋರಿಕೆಯ ದಿನದ ಯೋಜನೆ ಮತ್ತು ಮರುಪರಿಶೀಲನೆ

ಸಂಸ್ಥೆಯ ಈಗಿನ ಸೈಬರ್ ಘಟನಾ ಯೋಜನೆಗೆ ಒಂದು ಪುಟ ಸೇರಿಸಿ. ಗೂಢಲಿಪಿಯಲ್ಲಿದ್ದ ದತ್ತಾಂಶ ನಕಲಾದಾಗ ಕೇಳಬೇಕಾದ ಪ್ರಶ್ನೆಗಳು ಆ ಪುಟದಲ್ಲಿರಲಿ: ಯಾವ ವಿಧಾನದಿಂದ ಕೀಲಿ ಹಂಚಿಕೆಯಾಗಿತ್ತು, ಮೊದಲ ಹಂತದಲ್ಲಿ ಆ ದತ್ತಾಂಶಕ್ಕೆ ಬರೆದ ಗೋಪ್ಯತೆಯ ಆಯುಷ್ಯ ಎಷ್ಟು, ಸಂಬಂಧಪಟ್ಟವರು ಈಗಲೇ ತೆಗೆದುಕೊಳ್ಳಬಹುದಾದ ಕ್ರಮ ಏನಾದರೂ ಇದೆಯೇ. ತಿಳಿಸಿದರೂ ತಿಳಿಸದಿದ್ದರೂ ಆ ತೀರ್ಮಾನಕ್ಕೆ ಕಾರಣವನ್ನು ಅದೇ ದಿನ ಬರೆದು ಸಹಿ ಮಾಡಿಡಿ, ವರ್ಷಗಳ ನಂತರ ನೆನಪಿನಿಂದ ಹೇಳುವ ಕಾರಣಕ್ಕೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ.

ಪಟ್ಟಿಗಳನ್ನು ವರ್ಷಕ್ಕೊಮ್ಮೆ ಮರುಪರಿಶೀಲಿಸಿ. ಅದಕ್ಕೂ ಮೊದಲೇ ತೆರೆಯಬೇಕಾದ ಸಂದರ್ಭಗಳು ನಾಲ್ಕು: ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಹೊಸ ಸಹಿ ವಿಧಾನಕ್ಕೆ ಮಾನ್ಯತೆ ಕೊಟ್ಟಾಗ, ನಿಮ್ಮ ವಲಯದ ನಿಯಂತ್ರಕರು ಗಡುವು ಪ್ರಕಟಿಸಿದಾಗ, ಹೊಸ ವಿಧಾನಗಳಲ್ಲೊಂದರಲ್ಲಿ ದೋಷ ಕಂಡುಬಂದಾಗ, ಮತ್ತು ಯಾವುದೇ ದೀರ್ಘಾವಧಿ ಕರಾರನ್ನು ನವೀಕರಿಸುವಾಗ. ನವೀಕರಣವನ್ನು ಕಚೇರಿಯ ಕೆಳಹಂತದವರು ಹಳೆಯ ನಮೂನೆಯಲ್ಲೇ ಸಹಿಗೆ ಕಳಿಸಿಬಿಡುವುದು ಸಾಮಾನ್ಯ. ಐದನೆಯ ಹಂತದ ಷರತ್ತುಗಳು ಸೇರಿವೆಯೇ ಎಂದು ನೋಡಿ ಗುರುತು ಹಾಕದ ಹೊರತು ನವೀಕರಣದ ಕಡತ ಮುಂದೆ ಹೋಗದಂತೆ ವ್ಯವಸ್ಥೆ ಮಾಡಿ.